ದವಡೆಗೆ ಕಟ್ಟಿದ ಚಳವಳಿ

ಹೆಂಡತಿ: ಬಿಚ್ಚಿ ಅಂದ್ರೆ ಬಿಚ್ಚಿ ರೀ!

ಗಂಡ: ಬಿಚ್ಚಲ್ಲ.

ಹೆಂಡತಿ: ಇಷ್ಟು ಜನರೆದುರು ನನ್ನ ಬಾಯಿ ದೊಡ್ಡದು ಮಾಡಿಸ್ಬೇಡಿ. ಮರ್ಯಾದೆಯಾಗಿ ಬಟ್ಟೆ ಬಿಚ್ಚಿ.

ಹಲ್ಲಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೂತಿದ್ದ ನಾಲ್ಕೈದು ಜನ ಒಟ್ಟಿಗೇ ತಲೆಯೆತ್ತಿದರು. ಮೂಲೆಯಲ್ಲಿದ್ದ ಮುದುಕಿಯೊಬ್ಬರು ಓದುತ್ತಿದ್ದ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಅಂಚಿನಿಂದ ಇಣುಕಿದರು.

ಹೆಂಡತಿ: (ಎಲ್ಲರ ಕಡೆ ತಿರುಗಿ) ದವಡೆ ಬಟ್ಟೆ! ದವಡೆಗೆ ಕಟ್ಕೊಂಡಿದ್ದಾರಲ್ಲ, ಆ ಬಟ್ಟೆ!

ಪತ್ರಿಕೆ ಕೆಳಗಿಳಿಯಿತು. ಮುದುಕಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ಗಂಡ ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಇಪ್ಪತ್ತೆರಡು ವರ್ಷಗಳಿಂದ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಊರುಗಳ ಹೆಸರು ಕೂಗುವುದು, ರೈಲು ತಡವಾದರೆ ತಾನೇ ತಡಮಾಡಿದಂತೆ ಕ್ಷಮೆ ಕೇಳುವುದು ಅವರ ಕೆಲಸ. ಹೊರಗೆ ಯಾರಿಗೂ ಒಂದು ಎದುರು ಮಾತು ಆಡಿದವರಲ್ಲ. ಹೆಂಡತಿ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಸದ್ದು ಮಾಡುವ ಭಾಗ ಯಾವುದೋ ಅದನ್ನು ಕಿತ್ತು ಬೇರೆ ಹಾಕುವುದು ಅವರ ಧರ್ಮ. ಗಂಡನ ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ಒಂಬತ್ತು ದಿನವಾಗಿತ್ತು. ಗಲ್ಲದ ಕೆಳಗಿನಿಂದ ಕೆನ್ನೆಗುಂಟ ಮೇಲೇರಿದ ಬಿಳಿ ಬಟ್ಟೆ ನೆತ್ತಿಯ ಮೇಲೆ ಗಂಟಾಗಿ, ಎರಡು ತುದಿಗಳು ಮೊಲದ ಕಿವಿಗಳಂತೆ ನಿಂತಿದ್ದವು. ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವರ ಬಾಯಲ್ಲಿ ಚಳವಳಿ ‘ಸಲಹಲಿ’ಯಾಗಿ ಬರುತ್ತಿತ್ತು. ಓದುವವರ ದವಡೆಗೂ ಅದೇ ಗತಿ ಬರಬಾರದೆಂದು ಇಲ್ಲಿ ತಿದ್ದಿ ಬರೆದಿದೆ.

ಗಂಡ: ಇದು ಬರೀ ಬಟ್ಟೆ ಅಲ್ಲ ಕಣೇ. ಎರಡು ಲಕ್ಷ ಜನ ನೋಡಿರೋ ಬಟ್ಟೆ.

ಹೆಂಡತಿ: ನನ್ನ ಮೆಷಿನ್ ಒರೆಸೋ ಬಟ್ಟೆ ಅದು! ಹಲ್ಲುನೋವು ಅಂತ ನೀವು ಗೋಡೆಗೆ ತಲೆ ಚಚ್ಕೊಳ್ತಿದ್ರಲ್ಲ, ಒಗೆದಿಟ್ಟಿದ್ದನ್ನ ತಂದು ನಾನೇ ಕಟ್ಟಿದೆ.

ಗಂಡ: ಕಟ್ಟಿದವಳೂ ನೀನೇ. ಫೋಟೊ ತೆಗೆದವಳೂ ನೀನೇ. ನಿನ್ನ ತವರಿನ ಗ್ರೂಪಿಗೆ ಹಾಕಿದವಳೂ ನೀನೇ. ಕೆಳಗೇನು ಬರೆದೆ? ಹೇಳು, ಇವರೆಲ್ಲ ಕೇಳ್ಲಿ.

ಹೆಂಡತಿ: ಏನೋ ತಮಾಷೆಗೆ ಬರೆದೆ.

ಗಂಡ: “ನಮ್ಮನೆಯವರು ಎರಡು ದಿನದಿಂದ ಬಾಯಿ ಬಿಟ್ಟಿಲ್ಲ. ಸ್ವಾತಂತ್ರ್ಯ ಅಂದ್ರೆ ಇದೇ!”

ಹೆಂಡತಿ: ಮತ್ತೇನು? ಮನೇಲಿ ಕುಕ್ಕರ್ ಕೂಗೋದನ್ನೂ ನೀವು ಅನೌನ್ಸ್ ಮಾಡ್ತೀರಿ. “ದಯವಿಟ್ಟು ಗಮನಿಸಿ, ಎರಡನೇ ಕೂಗು ಬರುತ್ತಿದೆ.” ಎರಡು ದಿನ ಮನೆ ತಣ್ಣಗಿತ್ತು, ಬರೆದೆ. ನನ್ನ ತಮ್ಮ ಆ ತಲೆಹರಟೆ ಅದನ್ನ ಊರಿಗೆಲ್ಲ ಹಂಚ್ತಾನೆ ಅಂತ ನಾನೇನು ಕನಸು ಕಂಡಿದ್ನಾ?

ಗಂಡ: ಅವನು ಹಂಚಿದ. ಅವನ ಜೊತೆ ಓದಿದವಳೊಬ್ಬಳು ಒಂದು ದ್ವೀಪದವಳು. ಅಲ್ಲಿ ಸ್ವಾತಂತ್ರ್ಯ ಬೇಕು ಅಂತ ಎಲ್ಲರೂ ದವಡೆಗೆ ಬಟ್ಟೆ ಕಟ್ಕೊಂಡು ಚಳವಳಿ ಮಾಡ್ತಿದ್ದಾರೆ. ನೋಡಿದಳು, ತನ್ನ ಭಾಷೆಗೆ ಮಾಡಿ ಹಾಕಿದಳು. ಅಲ್ಲಿ ಜನ ಅತ್ತುಬಿಟ್ರಂತೆ ಕಣೇ! ನಮ್ಮ ಥರಾನೇ ದವಡೆಗೆ ಬಟ್ಟೆ ಕಟ್ಟಿ, ಬಾಯಿ ಮುಚ್ಚಿ, ನಮ್ಮ ಸ್ವಾತಂತ್ರ್ಯಕ್ಕೋಸ್ಕರ ಕೂತಿದ್ದಾರಲ್ಲ ಯಾರೋ ಒಬ್ಬರು, ಅಷ್ಟು ದೂರದಲ್ಲಿ!

ಹೆಂಡತಿ: ಹಲ್ಲುನೋವಿಗೆ ಕೂತಿದ್ರಿ!

ಗಂಡ: ಮೆಲ್ಲಗೆ, ಮೆಲ್ಲಗೆ! ಅದೂ ಅಲ್ದೆ, ಬಟ್ಟೆ ಮೇಲಿನ ಈ ಕಲೆ ನೋಡು.

ಹೆಂಡತಿ: ಮೆಷಿನ್ ಎಣ್ಣೆ ಕಲೆ.

ಗಂಡ: ನಿನಗೆ ಎಣ್ಣೆ. ಅವರಿಗೆ ಅವರ ದ್ವೀಪದ ನಕ್ಷೆ. ಕೆಳಗೆ ಒಂದು ಚುಕ್ಕಿ ಇದೆಯಲ್ಲ, ಅದು ಬಂದರಂತೆ.

ಹೆಂಡತಿ: ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ! ಸರಿ, ಆ ದ್ವೀಪದ ಹೆಸರು ಹೇಳಿ ನೋಡೋಣ.

ಗಂಡ ಬಾಯಿ ತೆರೆಯಲು ಹೋದರು. ಕಣ್ಣಲ್ಲಿ ನೀರು ಬಂತು. ಮುಚ್ಚಿದರು.

ಗಂಡ: ಅದರಲ್ಲಿ ಮೂರು ಕಡೆ ‘ಆ’ ಬರುತ್ತೆ.

ಹೆಂಡತಿ: ಹೆಸರು ಹೇಳೋಕಾಗಲ್ಲ, ಸ್ವಾತಂತ್ರ್ಯ ಕೊಡಿಸ್ತಾರಂತೆ! ರೀ, ನಿಮ್ಮ ಒಳಗಿನ ಸಂಗತಿ ನನಗೆ ಗೊತ್ತಿಲ್ವಾ? ಎರಡು ಸಲ ಇಲ್ಲಿಗೆ ಬರೋ ದಿನ ತಪ್ಪಿಸ್ಕೊಂಡ್ರಿ. ಮೊದಲನೇ ಸಲ “ಸಹಿ ಸಂಗ್ರಹ ಇದೆ” ಅಂದ್ರಿ. ಎರಡನೇ ಸಲ “ಇವತ್ತು ದ್ವೀಪದಲ್ಲಿ ಮೌನ ದಿನ” ಅಂದ್ರಿ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ನಿಮಗೊಂದು ದ್ವೀಪ ನೆವ. ನಿಮಗಿರೋದು ಚಳವಳಿ ಅಲ್ಲ, ಸೂಜಿ ಭಯ.

ಗಂಡ: ಹಲ್ಲು ಕಿತ್ತರೆ ಬಟ್ಟೆ ಬಿಚ್ಚಬೇಕು. ಬಟ್ಟೆ ಬಿಚ್ಚಿದ್ರೆ ಎರಡು ಲಕ್ಷ ಜನರಿಗೆ ದ್ರೋಹ. ಆಮೇಲೆ ನೀನೇ ಉತ್ತರ ಕೊಡು.

ಒಳಗಿನ ಬಾಗಿಲು ತೆರೆಯಿತು. ಡಾಕ್ಟರು ಹೊರಬಂದರು, ದುಂಡಗಿನ ಮನುಷ್ಯ, ಹಣೆಯ ಮೇಲೆ ಪುಟ್ಟ ದೀಪ. ಗಂಡನನ್ನು ನೋಡಿದ್ದೇ ತಡ, ಕಾಲಿಗೆ ಮೊಳೆ ಹೊಡೆದಂತೆ ನಿಂತುಬಿಟ್ಟರು.

ಡಾಕ್ಟರು: ನೀವು… ನೀವು ಅವರೇ ಅಲ್ವಾ?

ಹೆಂಡತಿ: ಅವರೇ ಸಾರ್. ಎರಡು ಸಲ ಹೇಳಿ ಬರದೇ ಇದ್ದವರು ಇವರೇ. ತಪ್ಪಾಯ್ತು.

ಡಾಕ್ಟರು: ಅಯ್ಯೋ, ಎಂಥಾ ಮಾತು! ನಮ್ಮಂಥವರ ಹತ್ರ ಬರೋಕೆ ಇವರಿಗೆ ಪುರುಸೊತ್ತಾದ್ರೂ ಎಲ್ಲಿರುತ್ತೆ?

ಹೆಂಡತಿ: ಪುರುಸೊತ್ತು ಬೇಕಾದಷ್ಟಿದೆ ಸಾರ್. ರಜೆ ಹಾಕಿ ಒಂಬತ್ತು ದಿನ ಆಯ್ತು.

ಡಾಕ್ಟರು: ಕೆಲಸಾನೂ ಬಿಟ್ರಾ! ಇದಕ್ಕೋಸ್ಕರ?

ಹೆಂಡತಿ: ಮತ್ತಿನ್ಯಾತಕ್ಕೆ? ಆ ನೋವು ಇಟ್ಕೊಂಡು ಹೇಗೆ ಹೋಗ್ತಾರೆ?

ಡಾಕ್ಟರು: (ಎದೆ ಮುಟ್ಟಿಕೊಂಡು) ನೋವು ಎಲ್ಲಿ ಅಂತ ನನಗೆ ಗೊತ್ತಮ್ಮ.

ಹೆಂಡತಿ: ಅಲ್ಲಿ ಅಲ್ಲ ಸಾರ್, ಕೆಳಗಡೆ ಎಡಕ್ಕೆ.

ಡಾಕ್ಟರು ತಮ್ಮ ಫೋನು ತೆಗೆದು ತೋರಿಸಿದರು. ಅವರ ಹೆಸರಿನ ಪಕ್ಕದ ಪುಟ್ಟ ಗುಂಡಗಿನ ಚೌಕಟ್ಟಿನಲ್ಲಿ ಅವರ ಮುಖವಿರಲಿಲ್ಲ. ನೆತ್ತಿಯ ಮೇಲೆ ಗಂಟು ಹಾಕಿದ, ಒಂದು ಕೆನ್ನೆ ಊದಿದ, ಕಣ್ಣು ಕೆಂಪಗಾದ ಅನೌನ್ಸರ್ ಇದ್ದರು.

ಡಾಕ್ಟರು: ನಾಲ್ಕು ದಿನದಿಂದ ನನ್ನ ಮುಖ ತೆಗೆದು ನಿಮ್ಮ ಮುಖ ಹಾಕಿದ್ದೀನಿ ಸಾರ್. ನಿನ್ನೆ ನಮ್ಮತ್ತೆ ಫೋನ್ ಮಾಡಿ “ಅಳಿಯಂದ್ರೇ, ಇಷ್ಟು ಯಾಕೆ ಸೊರಗಿದ್ದೀರಿ” ಅಂತ ಕೇಳಿದ್ರು. ಆ ಗಂಟಿನ ಬಗ್ಗೆ ಮೂರು ಲೇಖನ ಓದಿದೆ. ಒಬ್ಬರು ಅದು ಜನರ ಕಿರೀಟ ಅಂತಾರೆ, ಇನ್ನೊಬ್ಬರು ಅದು ಕಟ್ಟಿದ ಕೈಗಳ ಗುರುತು ಅಂತಾರೆ.

ಗಂಡ: ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತೆ ಸಾರ್.

ಡಾಕ್ಟರು: ಅಂಥಾದ್ದನ್ನ ನನ್ನ ಕೈಯಾರೆ ಹೇಗೆ ಬಿಚ್ಚಲಿ? ಕೈ ಬರುತ್ತಾ ನನಗೆ?

ಗಂಡ: (ತಟ್ಟನೆ ಎದ್ದು) ಕೇಳಿಸ್ಕೊಂಡ್ಯಲ್ಲ? ದೊಡ್ಡ ಡಾಕ್ಟರೇ ಆಗಲ್ಲ ಅಂದ್ರು. ನಡಿ ಮನೆಗೆ.

ಹೆಂಡತಿ: ಕೂತ್ಕೊಳ್ಳಿ. ಡಾಕ್ಟರೇ, ನನ್ನ ಬ್ಯಾಗಲ್ಲಿ ಇಕ್ಕಳ ಇದೆ. ನೀವು ಕೀಳ್ತೀರೋ, ನಾನೇ ಕೀಳಲೋ?

ಡಾಕ್ಟರು: ಅಮ್ಮ, ಇಕ್ಕಳ ಕುದಿಸಿ ತಂದಿದ್ದೀರಾ?

ಹೆಂಡತಿ: ಎಣ್ಣೆ ಬಿಟ್ಟು ತಂದಿದ್ದೀನಿ.

ಡಾಕ್ಟರು ಬೆಚ್ಚಿ, ಇಬ್ಬರನ್ನೂ ಒಳಗೆ ಕರೆದರು. ಬಟ್ಟೆ ಬಿಚ್ಚದೆಯೇ ಅದರ ಅಂಚು ಸರಿಸಿ ಕೆನ್ನೆ ಒತ್ತಿ ನೋಡಿದರು. ಮುಖದ ಮೇಲೆ ಅನುಮಾನದ ಒಂದು ಗೆರೆ ಮೂಡಿತು.

ಡಾಕ್ಟರು: ಸಾರ್, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಈ ಬಟ್ಟೆ… ಹಲ್ಲುನೋವಿಗೆ ಕಟ್ಟಿದ್ದಲ್ಲ ತಾನೆ?

ಹೆಂಡತಿ ಬಾಯಿ ತೆರೆದರು. ಗಂಡ ಅದಕ್ಕಿಂತ ಬೇಗ ಹಲ್ಲು ಕಚ್ಚಿದರು.

ಗಂಡ: ಹಲ್ಲುನೋವು ಆಮೇಲೆ ಬಂತು.

ಡಾಕ್ಟರು: ಹಾಗಾದ್ರೆ ಸರಿ! ಬಟ್ಟೆ ಕಟ್ಟಿ ಕಟ್ಟಿ, ಗಾಳಿ ಆಡದೆ, ಹಲ್ಲೇ ಹುಳುಕಾಗಿಬಿಡ್ತು. ತ್ಯಾಗ ಅಂದ್ರೆ ಇದು! ನನ್ನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಬೇರೆ ದೇಶಕ್ಕೋಸ್ಕರ ದವಡೆ ಹಲ್ಲು ಕೊಟ್ಟವರನ್ನ ಕಂಡಿರಲಿಲ್ಲ.

ಹೆಂಡತಿ: (ಹಣೆ ಚಚ್ಚಿಕೊಂಡು) ಇಬ್ಬರಿಗೂ ಒಂದೇ ಬಟ್ಟೆ ಕಟ್ಟಬೇಕು. ಕಣ್ಣಿಗೆ.

ಅಷ್ಟರಲ್ಲಿ ಗಂಡನ ಫೋನು ಸದ್ದು ಮಾಡಿತು. ಸಂದೇಶ ದ್ವೀಪದವಳದ್ದು. ಓದುತ್ತ ಓದುತ್ತ ಅವರ ಮುಖ ಬಟ್ಟೆಯ ಬಣ್ಣಕ್ಕೆ ತಿರುಗಿತು. ಹೆಂಡತಿ ಫೋನು ಕಿತ್ತುಕೊಂಡು ಗಟ್ಟಿಯಾಗಿ ಓದಿದರು.

ಹೆಂಡತಿ: “ಪ್ರಿಯ ಮಹನೀಯರೇ, ನಮ್ಮ ಕಂಡಕ್ಟರ್ ಅಕ್ಕನ ವಿಚಾರಣೆ ಇಂದು ನ್ಯಾಯಾಲಯದಲ್ಲಿ ನಡೆಯಲಿದೆ. ನಿಮ್ಮ ಗಡಿಯಾರದಲ್ಲಿ ಹನ್ನೆರಡಕ್ಕೆ ಸರಿಯಾಗಿ ಎಲ್ಲರೂ ಬಟ್ಟೆ ಬಿಚ್ಚಿ, ಬಾಯಿ ತುಂಬ, ಹದಿನಾಲ್ಕು ನಿಲ್ದಾಣಗಳ ಹೆಸರನ್ನು ಕೂಗಬೇಕು. ಮೊದಲ ಧ್ವನಿ ನಿಮ್ಮದು. ಇಡೀ ದ್ವೀಪ ಕಾಯುತ್ತಿರುತ್ತದೆ.” (ಫೋನು ಕೆಳಗಿಟ್ಟು) ಚಳವಳಿಯ ಅಪ್ಪಣೆ ಆಯ್ತಲ್ಲ. ಬಿಚ್ಚಿ.

ಗಂಡ: ಎಷ್ಟು ಗಂಟೆ ಈಗ?

ಡಾಕ್ಟರು: ಹನ್ನೊಂದು ಹತ್ತು.

ಹೆಂಡತಿ: ಯಾರ್ರೀ ಈ ಕಂಡಕ್ಟರ್?

ಗಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಈ ಸಲ ಅವರ ದನಿಯಲ್ಲಿ ನೆಪವಿರಲಿಲ್ಲ.

ಗಂಡ: ಅಲ್ಲಿ ಒಂದು ಬಸ್ಸಿದೆ ಕಣೇ. ಬಂದರಿನಿಂದ ಗುಡ್ಡದ ತುದಿವರೆಗೆ ಹೋಗುತ್ತೆ, ಹದಿನಾಲ್ಕು ಸ್ಟಾಪು. ಸೊಟ್ಟ ಸೇತುವೆ, ಉಪ್ಪಿನ ಕಟ್ಟೆ, ಕುರುಡನ ಬಾವಿ, ಹೀಗೆ. ಅಜ್ಜ ಮುತ್ತಜ್ಜನ ಕಾಲದ ಹೆಸರುಗಳು. ಆಚೆ ದೇಶದವರು ಕಳಿಸಿದ ಗವರ್ನರ್ ಬಂದು ಅಷ್ಟಕ್ಕೂ ತನ್ನ ಮನೆಯವರ ಹೆಸರಿಟ್ಟ. ತಾಯಿ, ತಂದೆ, ಅತ್ತೆ, ಮಾವ… ಹನ್ನೊಂದನೇ ಸ್ಟಾಪಿಗೆ ಅವನ ಷಡ್ಡಕನ ಹೆಸರು. ಹದಿನಾಲ್ಕನೇದು ಅವನ ಕುದುರೆ.

ಹೆಂಡತಿ: ಹೆಂಡತಿ ಹೆಸರು ಎಷ್ಟನೇದು?

ಗಂಡ: ಇಲ್ಲ.

ಹೆಂಡತಿ: ಇಂಥವನ ಕೆಳಗೆ ಯಾರು ಬದುಕ್ತಾರೆ!

ಗಂಡ: ಈ ಕಂಡಕ್ಟರ್ ಹೊಸ ಹೆಸರು ಹೇಳಲಿಲ್ಲ. ಹಳೇದನ್ನೇ ಕೂಗಿದಳು. ಎರಡು ಸಲ ದಂಡ, ಮೂರನೇ ಸಲ ಜೈಲು. ಇವತ್ತು ಸರ್ಕಾರಿ ವಕೀಲ, ಆ ಹೆಸರುಗಳು ಈಗ ಯಾರ ಬಾಯಲ್ಲೂ ಇಲ್ಲ, ಇವಳೊಬ್ಬಳದೇ ಹಟ ಅಂತ ವಾದ ಮಾಡ್ತಾನಂತೆ. ಅದಕ್ಕೇ ಎಲ್ಲರೂ ಕೂಗಬೇಕು.

ಹೆಂಡತಿ: ನೀವು ಕೂಗದಿದ್ರೆ ಇನ್ನೊಬ್ಬರು ಕೂಗ್ತಾರೆ ಬಿಡಿ.

ಗಂಡ: ಕೂಗ್ತಾರೆ. ಆದ್ರೆ… ನಾನೂ ದಿನಾ ಹೆಸರು ಕೂಗೋನೇ ಅಲ್ವೇನೇ? ನಾಳೆ ಬೆಳಿಗ್ಗೆ ನಮ್ಮ ಸ್ಟೇಷನ್ನಿಗೆ ಯಾರದೋ ಕುದುರೆ ಹೆಸರಿಟ್ಟು ಚೀಟಿ ಕೈಗೆ ಕೊಟ್ರೆ ನಾನೇನು ಮಾಡ್ತೀನಿ ಗೊತ್ತಾ? ಮೈಕ್ ಹಾಕಿ, ಗಂಟಲು ಸರಿಮಾಡ್ಕೊಂಡು, ಕುದುರೆ ಹೆಸರು ಓದ್ತೀನಿ. ಮೊದಲು ನೆವಕ್ಕೇ ಶುರು ಮಾಡಿದ್ದು ನಾನು, ನಿನ್ನ ಹತ್ರ ಏನು ಮುಚ್ಚುಮರೆ. ಆಮೇಲೆ ಅವಳ ಬಗ್ಗೆ ಓದಿದೆ. ಹದಿನಾಲ್ಕೂ ಬಾಯಿಪಾಠ ಮಾಡಿದ್ದೀನಿ.

ಹೆಂಡತಿ ಇಕ್ಕಳವಿದ್ದ ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದರು.

ಗಂಡ: ಡಾಕ್ಟರೇ, ಕಿತ್ತುಬಿಡಿ.

ಡಾಕ್ಟರು: ಭೇಷ್! ಇಂಜೆಕ್ಷನ್ ಕೊಡ್ತೀನಿ, ಅರ್ಧ ಗಂಟೆಯ ಕೆಲಸ.

ಗಂಡ: ಇಂಜೆಕ್ಷನ್ ಕೊಟ್ರೆ ನಾಲಿಗೆ ತಿರುಗುತ್ತಾ?

ಡಾಕ್ಟರು: ಎರಡು ಗಂಟೆ ತಿರುಗಲ್ಲ. ತುಟಿ ಇದೆಯೋ ಇಲ್ವೋ ಅಂತ್ಲೂ ಗೊತ್ತಾಗಲ್ಲ.

ಗಂಡ: ಹಾಗಾದ್ರೆ ಇಂಜೆಕ್ಷನ್ ಬೇಡ. ಹಾಗೇ ಕಿತ್ತು ಹಾಕಿ.

ಹೆಂಡತಿ: ರೀ! ಹೊಲಿಗೆ ಸೂಜಿ ಚುಚ್ಚಿದ್ರೆ ಅರ್ಧ ದಿನ ಬೆರಳು ಊದ್ಕೊಂಡು ಕೂರೋರು ನೀವು!

ಡಾಕ್ಟರು: ಸಾರ್, ಭಾವನೆಗೆ ಬೆಲೆ ಕೊಡ್ತೀನಿ. ಆದ್ರೆ ಇಂಜೆಕ್ಷನ್ ಇಲ್ದೆ ಕಿತ್ತರೆ ನೀವು ಹನ್ನೆರಡರ ತನಕ ಕಾಯಲ್ಲ, ಈಗಲೇ ಕೂಗ್ತೀರಿ. ಅದೂ ಸ್ಟಾಪಿನ ಹೆಸರಲ್ಲ, ನನ್ನ ಅಪ್ಪ ಅಮ್ಮಂದು.

ಗಂಡ ಹೆಂಡತಿಯ ಮುಖ ನೋಡಿದರು. ಹೆಂಡತಿ ಕೈ ಚಾಚಿದರು. ಅವರು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಬಟ್ಟೆಯ ಗಂಟನ್ನು ಸಡಿಲಿಸುವಾಗ ಡಾಕ್ಟರು ಒಂದು ಕ್ಷಣ ತಲೆ ಬಾಗಿಸಿದರು. ಆಮೇಲೆ ಸೂಜಿ ಬಂತು, ಇಕ್ಕಳ ಬಂತು, ಒಣಗಿದ ಕೊಂಬೆ ಮುರಿದಂಥ ಸದ್ದೊಂದು ಬಂತು. ಹೆಂಡತಿಯ ಕೈಬೆರಳುಗಳು ನೀಲಿಯಾದವು.

ಹೆಂಡತಿ: (ತಟ್ಟೆ ನೋಡುತ್ತ) ಅಯ್ಯೋ, ಇಷ್ಟೇನಾ? ಇಷ್ಟಕ್ಕೆ ಒಂಬತ್ತು ದಿನವಾ? ನನ್ನ ಮೆಷಿನ್ನಿನ ಹಲ್ಲು ಇದಕ್ಕಿಂತ ದೊಡ್ಡದಿರುತ್ತೆ!

ಡಾಕ್ಟರು: ಹತ್ತಿ ಕಚ್ಕೊಳ್ಳಿ ಸಾರ್. ಇನ್ನು ಅರ್ಧ ಗಂಟೆ ಬಾಯಿ ಬಿಡಬಾರದು.

ಹೆಂಡತಿ: ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಸಾರ್.

ಡಾಕ್ಟರು ಗಡಿಯಾರ ನೋಡಿದರು, ತಮ್ಮ ಫೋನಿನ ಫೋಟೊ ನೋಡಿದರು, ರೋಗಿಯನ್ನು ನೋಡಿದರು. ವೈದ್ಯಶಾಸ್ತ್ರಕ್ಕೂ ಚಳವಳಿಗೂ ಅವರೊಳಗೆ ಜಗಳ ನಡೆದದ್ದು ಹುಬ್ಬಿನಲ್ಲಿ ಕಾಣುತ್ತಿತ್ತು.

ಡಾಕ್ಟರು: ಹದಿನಾಲ್ಕು ಹೆಸರು. ಹದಿನೈದನೇದು ಬಾಯಿಂದ ಬಿದ್ರೆ ಜವಾಬ್ದಾರಿ ನಂದಲ್ಲ.

ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಹೆಂಡತಿ ಗಂಡನ ಕೂದಲು ಸರಿಮಾಡಿ, ಮೂತಿ ಒರೆಸಿ, ಬಟ್ಟೆಯನ್ನು ಮತ್ತೆ ದವಡೆಗೆ ಸುತ್ತಿ, ನೆತ್ತಿಯ ಮೇಲೆ ತಾವೇ ಗಂಟು ಹಾಕಿದರು.

ಗಂಡ: ಇದ್ಯಾಕೆ ಅತ್ತೆ?

ಹೆಂಡತಿ: ಅತ್ತೆ ಅಲ್ಲ, ಮತ್ತೆ. ಬಿಚ್ಚಬೇಕು ಅಂದ್ರೆ ಮೊದಲು ಕಟ್ಟಿರಬೇಕಲ್ವೇನ್ರೀ? ಎರಡು ಲಕ್ಷ ಜನ ನೋಡ್ತಾರೆ. ಎಲ್ಲಿ, ಮೊದಲನೇ ಹೆಸರು ಹೇಳಿ ನೋಡೋಣ.

ಗಂಡ: ಹ್ಲಾಊವ್ವಾ.

ಹೆಂಡತಿ: ಅದು ಹೇಗಿರಬೇಕಿತ್ತು?

ಗಂಡ: ಹ್ಲಾಊವ್ವಾ ಅಲ್ಲ. ಹ್ಲಾ… ಊ… ವ್ವಾ!

ಅದು ತ್ಲಾಪೂಮಾ. ಸೊಟ್ಟ ಸೇತುವೆ ಎಂದರ್ಥ. ಅನೌನ್ಸರ ತುಟಿಗಳು ಒಂದಕ್ಕೊಂದು ಸಿಗದೆ ಅವರ ಬಾಯಿಂದ ಪಕಾರ ಮಕಾರಗಳೆಲ್ಲ ಗುಳೆ ಎದ್ದು ಹೋಗಿದ್ದವು. ಅವರ ಕಣ್ಣಲ್ಲಿ ನಿಜವಾದ ದಿಗಿಲು ಕಾಣಿಸಿತು. ಹೆಂಡತಿ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು.

ಹೆಂಡತಿ: ನಿಮ್ಮ ಮೈಕಿನಲ್ಲಿ ಯಾವ ಊರಿನ ಹೆಸರು ಸರಿಯಾಗಿ ಕೇಳಿಸಿದೆ ಹೇಳಿ, ಈ ಇಪ್ಪತ್ತೆರಡು ವರ್ಷದಲ್ಲಿ? ಆದ್ರೂ ಜನ ಅವರವರ ಊರಿಗೆ ಹೋಗಿ ಇಳೀಲಿಲ್ವಾ? ಕೂಗಿ.

ಹನ್ನೆರಡಾಯಿತು. ಹೆಂಡತಿ ಫೋನಿನಲ್ಲಿ ನೇರಪ್ರಸಾರ ಶುರು ಮಾಡಿ ಎದುರಿಗೆ ಹಿಡಿದರು. ಹಲ್ಲಿನ ಕುರ್ಚಿಯ ದೊಡ್ಡ ದೀಪದ ಕೆಳಗೆ ಅನೌನ್ಸರ್ ಬಟ್ಟೆ ಬಿಚ್ಚಿದರು. ಮೊದಲ ಮೂರು ಹೆಸರು ತೊದಲಿ, ತಡವರಿಸಿ, ಒಂದು ಹನಿ ಜೊಲ್ಲಿನೊಂದಿಗೆ ಬಂದವು. ನಾಲ್ಕನೆಯದರಿಂದ ಅವರಿಗೆ ತಮ್ಮ ಸ್ಟೇಷನ್ನಿನ ದನಿ ಸಿಕ್ಕಿತು. ಪ್ಲಾಟ್‌ಫಾರ್ಮಿನ ಕೊನೆಯ ಕಂಬದವರೆಗೆ ಹೋಗಿ ತಿರುಗಿ ಬರುವ ಆ ದನಿ ಕೋಣೆಯ ಗಾಜುಗಳನ್ನು ನಡುಗಿಸಿತು. ಡಾಕ್ಟರು ದನಿಗೂಡಿಸಿದರು. ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಬಂದು ಏನೆಂದು ತಿಳಿಯದಿದ್ದರೂ ಒಂದೊಂದನ್ನೂ ಹಿಂದೆ ಹಿಂದೆಯೇ ಹೇಳಿದರು. ಪತ್ರಿಕೆಯ ಮುದುಕಿಯ ದನಿ ಎಲ್ಲರಿಗಿಂತ ಜೋರಾಗಿತ್ತು. ಹದಿನಾಲ್ಕು ಮುಗಿದವು. ಡಾಕ್ಟರು ಹಾರಿ ಬಂದು ಬಾಯಿಗೆ ಹೊಸ ಹತ್ತಿ ತುರುಕಿದರು.

ಗಂಡನ ಮುಖ ಮಾತ್ರ ಬಾಡಿಹೋಗಿತ್ತು.

ಗಂಡ: 	ಹಾಳು ಮಾಡ್‌ಬಿಟ್ಟೆ.

ಹೆಂಡತಿ: ಹತ್ತಿ ಕಚ್ಚಿ.

ಮುಕ್ಕಾಲು ಗಂಟೆ ಕಳೆದ ಮೇಲೆ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಒಬ್ಬ ಹೆಂಗಸು, ಹಿಂದೆ ಜನಜಂಗುಳಿ. ಈ ಊರಿನಲ್ಲಿ ಐದು ವರ್ಷ ಓದಿ ಹೋದವಳು. ಮಾತನ್ನು ಮಾತ್ರ ಪುಸ್ತಕದಿಂದ ಕಲಿತವಳಂತೆ ಒಂದೊಂದೇ ಪದ ಜೋಡಿಸಿ ಆಡುತ್ತಿದ್ದಳು.

ದ್ವೀಪದಾಕೆ: ಮಹನೀಯರೇ! ಕಂಡಕ್ಟರ್ ಅಕ್ಕನನ್ನು ಮುಂದಿನ ವಿಚಾರಣೆಯವರೆಗೆ ಬಿಟ್ಟಿರುತ್ತಾರೆ! ಕಿಟಕಿಯ ಹೊರಗಿನ ಕೂಗಿಗೆ ನ್ಯಾಯಾಧೀಶರು ವಕೀಲರ ಮಾತೇ ಕೇಳಿಸುತ್ತಿಲ್ಲ ಎಂದರು. ಆದರೆ ಷರತ್ತು ಉಂಟು. ಆಕೆ ಬಸ್ಸಿನಲ್ಲಿ ಬಾಯಿ ತೆರೆಯಕೂಡದು.

ಹೆಂಡತಿ: ಛೆ! ಮತ್ತೆ ಹೆಸರು ಯಾರು ಕೂಗೋದು?

ದ್ವೀಪದಾಕೆ: ಈಗ ತಾನೇ ಅದೇ ಬಸ್ಸಿನಲ್ಲಿ ಮನೆ ತಲುಪಿದಳು. ಅವಳು ಗಂಟೆ ಮಾತ್ರ ಬಾರಿಸಿದಳು. ಹೆಸರುಗಳನ್ನು ಪ್ರಯಾಣಿಕರೇ ಕೂಗಿದರು. ಷಡ್ಡಕನ ನಿಲ್ದಾಣದಲ್ಲಿ ಪೊಲೀಸನೊಬ್ಬ ಇಳಿಯಬೇಕಿತ್ತು, ಅವನು ಕೂಡ ಹಳೆಯ ಹೆಸರನ್ನೇ ಕೂಗಿ ಇಳಿದನು!

ಡಾಕ್ಟರು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು. ಗಂಡ ಹತ್ತಿ ತೆಗೆದು ತಗ್ಗಿದ ದನಿಯಲ್ಲಿ ಹೇಳಿದರು.

ಗಂಡ: ನನ್ನ ಉಚ್ಚಾರ… ತಪ್ಪಾಯ್ತಮ್ಮ. ಕ್ಷಮಿಸಿ.

ದ್ವೀಪದಾಕೆ: ತಪ್ಪೇ? ಮೂವತ್ತು ಸಾವಿರ ಪರದೇಶದವರು ಕೂಗಿದರು. ಅವರದ್ದು ಒಂದೂ ನಮಗೆ ತಿಳಿಯಲಿಲ್ಲ. ನಿಮ್ಮದನ್ನು ಕೇಳಿ ನನ್ನ ಅಜ್ಜಿ ಅತ್ತುಬಿಟ್ಟಳು. ಅವಳ ತಾಯಿ, ಹಲ್ಲುಗಳು ಬಿದ್ದ ಮೇಲೆ, ಸರಿಯಾಗಿ ಹೀಗೆಯೇ ನುಡಿಯುತ್ತಿದ್ದಳಂತೆ!

ಹೆಂಡತಿ ಗಂಡನನ್ನು ನೋಡಿದರು. ಗಂಡ ನಗಲು ಹೋದರು. ಮುಖದ ಒಂದೇ ಪಕ್ಕ ನಕ್ಕಿತು.

ದ್ವೀಪದಾಕೆ: ಇನ್ನೊಂದು ವಿಷಯ. ನಾಳೆ ನಾನು ನಿಮ್ಮ ಬಗ್ಗೆ ಬರೆಯುವವಳಿದ್ದೇನೆ. ಹೊರದೇಶದವರಲ್ಲಿ ಬಟ್ಟೆ ಕಟ್ಟಿದ ಮೊದಲಿಗರು ನೀವು. ಯಾಕೆ ಕಟ್ಟಿದಿರಿ ಎಂದು ಎಲ್ಲರೂ ಕೇಳುತ್ತಿದ್ದಾರೆ.

ಡಾಕ್ಟರು ಹೆಮ್ಮೆಯಿಂದ ಮುಂದೆ ಬಾಗಿದರು. ಬೆಳಗಿನಿಂದ ನಿಜ ಹೇಳಿ, ನಿಜ ಹೇಳಿ ಎಂದು ಪ್ರಾಣ ತಿಂದಿದ್ದ ಹೆಂಡತಿಯೇ ಈಗ ಫೋನಿನ ಹಿಂದೆ ನಿಂತು ಬೇಡ ಬೇಡ ಎಂದು ಕೈಯಾಡಿಸಿದರು. ಗಂಡ ಕಣ್ಣು ಕೆಳಗಿಳಿಸಿದರು.

ಗಂಡ: ಅಮ್ಮ, ನನಗೆ… ಹಲ್ಲುನೋವಿತ್ತು.

ದ್ವೀಪದಾಕೆ: ಏನು?

ಗಂಡ: ಹಲ್ಲುನೋವು. ದವಡೆ ಊದಿತ್ತು. ಇವಳು ಕಟ್ಟಿದಳು. ನಿಮ್ಮ ದ್ವೀಪ ಎಲ್ಲಿದೆ ಅಂತಾನೂ ಆಗ ಗೊತ್ತಿರಲಿಲ್ಲ. ಆಮೇಲೆ ಹೆಸರು ಬಂತು, ಸುಮ್ಮನಾದೆ. ಕೀಳಿಸ್ಕೊಳ್ಳೋಕೆ ಭಯ, ಅದಕ್ಕೇ ನಿಮ್ಮ ಹೆಸರು ಹೇಳಿ ತಪ್ಪಿಸ್ಕೊಂಡೆ. ಬರೀರಿ, ಹಾಗೇ ಬರೀರಿ.

ಡಾಕ್ಟರು ಮೆಲ್ಲಗೆ ಫೋನು ತೆಗೆದು ತಮ್ಮ ಪುಟ್ಟ ಫೋಟೊವನ್ನೇ ನೋಡುತ್ತ ನಿಂತರು. ಪರದೆಯ ಆಚೆಯಿಂದ ಒಂದು ಬಗೆಯ ಗೊರಗೊರ ಕೇಳಿಸಿತು. ಅಳುತ್ತಿದ್ದಾಳೆಂದು ಗಂಡ ಗಾಬರಿಯಾದರು. ಅವಳು ನಗುತ್ತಿದ್ದಳು.

ದ್ವೀಪದಾಕೆ: ಮಹನೀಯರೇ, ನಮ್ಮಲ್ಲಿಯೂ ಮೊದಲು ಕಟ್ಟಿದವನಿಗೆ ಹಲ್ಲುನೋವೇ ಆಗಿತ್ತು!

ಡಾಕ್ಟರು: ಏನಂದ್ರಿ?

ದ್ವೀಪದಾಕೆ: ಬಂದರಿನ ಗುಮಾಸ್ತ. ದವಡೆ ಊದಿ, ಬಟ್ಟೆ ಕಟ್ಟಿಕೊಂಡು ಬೀದಿಯಲ್ಲಿ ಹೋಗುತ್ತಿದ್ದ. ಕಂಡಕ್ಟರ್ ಅಕ್ಕನ ಬಂಧನವಾದ ಮರುದಿನ. ಪೊಲೀಸರು ಇದು ಪ್ರತಿಭಟನೆ ಎಂದು ಎಳೆದುಕೊಂಡು ಹೋದರು. ಹಲ್ಲುನೋವು, ಹಲ್ಲುನೋವು ಎಂದು ಅವನು ಕೂಗಿದನು; ಬಾಯಿ ತೆರೆಯದೆ ಕೂಗಿದ್ದರಿಂದ ಅದು ಸ್ವಾತಂತ್ರ್ಯ, ಸ್ವಾತಂತ್ರ್ಯ ಎಂದು ಜನರಿಗೆ ಕೇಳಿಸಿತು. ಮರುದಿನ ಊರೆಲ್ಲ ಬಟ್ಟೆ ಕಟ್ಟಿತು.

ಹೆಂಡತಿ: ಇದೆಲ್ಲ ನಿಮಗೆ ಹೇಗೆ ಗೊತ್ತು ತಂಗಿ?

ದ್ವೀಪದಾಕೆ: ಅವನು ನನ್ನ ಗಂಡ. ಕಟ್ಟಿದವಳು ನಾನು.

ಹೆಂಡತಿ ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಡಾಕ್ಟರ ಗಾಲಿಯ ಸ್ಟೂಲು ಎಳೆದು ಆರಾಮಾಗಿ ಕೂತರು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಬಹಳ ಕಾಲದಿಂದ ಬಲ್ಲವರಂತೆ ನೋಡಿದರು.

ಹೆಂಡತಿ: ಈಗ ಹೇಗಿದ್ದಾರೆ ಅವರು?

ದ್ವೀಪದಾಕೆ: ಬಿಟ್ಟು ಕಳಿಸಿ ಒಂದು ತಿಂಗಳಾಯಿತು. ಹಲ್ಲು ಹಾಗೆಯೇ ಇದೆ. ವೈದ್ಯರ ಬಳಿ ನಡೆ ಎಂದರೆ, ಜನ ಏನೆಂದಾರು, ನಾನು ನಾಯಕ ಎನ್ನುತ್ತಾನೆ.

ಹೆಂಡತಿ: ಇವತ್ತು ಹನ್ನೆರಡಕ್ಕೆ ಎಲ್ಲರೂ ಬಿಚ್ಚಿದ್ರಲ್ಲ, ಅವರು?

ದ್ವೀಪದಾಕೆ: ಆ ಕಾರ್ಯಕ್ರಮವನ್ನು ನಾನು ಇಟ್ಟದ್ದು ಅರ್ಧ ಅದಕ್ಕಾಗಿಯೇ ಅಕ್ಕ. ಅವನು ಬೆಳಿಗ್ಗೆಯೇ ಛಾವಣಿ ಹತ್ತಿ ಕೂತಿದ್ದಾನೆ. ಏಣಿ ಮೇಲೆ ಎಳೆದುಕೊಂಡಿದ್ದಾನೆ.

ಹೆಂಡತಿ: (ಗಂಡನಿಗೆ) ರೀ, ನೀವು ಅನುಭವಸ್ಥರು. ಅವರಿಗೊಂದು ಧೈರ್ಯ ಹೇಳಿ.

ದ್ವೀಪದಾಕೆ ಫೋನನ್ನು ಮೇಲಕ್ಕೆತ್ತಿ ಹಿಡಿದಳು. ಛಾವಣಿಯ ಅಂಚಿನಲ್ಲಿ ಬಟ್ಟೆ ಕಟ್ಟಿದ ಒಂದು ಮುಖ, ಎರಡು ದಿಗಿಲುಗಣ್ಣು ಕಾಣಿಸಿದವು. ಆತ ಏನೋ ಗುನುಗಿದ.

ದ್ವೀಪದಾಕೆ: ಕೀಳುವಾಗ ತುಂಬ ನೋವಾಯಿತೇ ಎಂದು ಕೇಳುತ್ತಿದ್ದಾನೆ.

ಗಂಡ ಹೆಂಡತಿಯನ್ನು ನೋಡಿದರು. ಡಾಕ್ಟರನ್ನು ನೋಡಿದರು. ತಟ್ಟೆಯಲ್ಲಿದ್ದ ಹಲ್ಲನ್ನು ನೋಡಿದರು. ಇಂಜೆಕ್ಷನ್ನಿನ ಜೋಮು ಆಗಷ್ಟೇ ಇಳಿದು ನೋವು ಏರತೊಡಗಿತ್ತು. ಅವರು ಫೋನಿಗೆ ಬಾಯಿ ಹಚ್ಚಿ, ಒಬ್ಬ ಹೋರಾಟಗಾರ ಇನ್ನೊಬ್ಬನಿಗೆ ಹೇಳುವ ದನಿಯಲ್ಲಿ, ಒಂದಕ್ಷರವೂ ತೊದಲದೆ ಹೇಳಿದರು.

ಗಂಡ: ಏಣಿ ಇಳಿಸಬೇಡ ತಮ್ಮಾ.